ಪೆಲ್‌ಹರ್ಸ್ಟ್ ಹಾಲ್‌ನ ತಂಬಿಗೆ

ಚನ್ನಬಸಯ್ಯನವರು ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ನಾಲ್ಕು ವರ್ಷ ಇತಿಹಾಸ ಕಲಿಸಿದವರು. ಇಸವಿ ತಪ್ಪಿದ ಹುಡುಗರ ಕಿವಿ ಹಿಂಡುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಅಂಥವರು ಮೆಲ್ಬರ್ನಿನಲ್ಲಿ, ಕ್ಲೈಡ್ ನಾರ್ತ್ ಬಡಾವಣೆಯಲ್ಲಿದ್ದ ಮಗನ ಮನೆಯಲ್ಲಿ, ಬಾಯಲ್ಲಿಟ್ಟ ರೊಟ್ಟಿ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತುಬಿಟ್ಟರು. ಸೊಸೆ ಮಾಧುರಿ ಫೋನಿನಲ್ಲಿ ಒಂದು ಫೋಟೋ ತೋರಿಸಿದ್ದಳು. ಕಿಲುಬು ಹಿಡಿದ ತಾಮ್ರದ ತಂಬಿಗೆ, ಬಾಯಿತುಂಬ ಮಣ್ಣು.

“ಆರು ವಾರ ಅಗದದ್ದಕ್ಕ ಕಡೀಗೂ ಒಂದು ಸಿಕ್ತ್ರಿ ಮಾವಾರ,” ಅಂದಳು ಮಾಧುರಿ.

ಹೊಸ ಬಡಾವಣೆ ಏಳುವ ಮೊದಲು ನೆಲ ಅಗೆದು ಹಳೆಯದೇನಾದರೂ ಇದೆಯೇ ಎಂದು ನೋಡುವ ಕಂಪನಿಯೊಂದರಲ್ಲಿ ಅವಳ ಕೆಲಸ. ಈಗ ಅವರು ಹುಡುಕುತ್ತಿದ್ದುದು ಪೆಲ್‌ಹರ್ಸ್ಟ್ ಹಾಲ್ ಎಂಬ ಬಂಗಲೆಯನ್ನು. ನೂರೆಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಜಮೀನುದಾರನೊಬ್ಬನ ಮೂರನೆಯ ಮಗ ಇಲ್ಲಿಗೆ ಬಂದ. ಅಪ್ಪನ ವಾಡೆ ಹಿರಿಯಣ್ಣನ ಪಾಲಾಯಿತೆಂಬ ಹೊಟ್ಟೆಯುರಿಗೆ ಕುರಿ ಮೇಯುವ ಬಯಲಿನಲ್ಲಿ ಅದೇ ಅಳತೆಯ, ಹನ್ನೊಂದು ಹೊಗೆಗೂಡಿನ ವಾಡೆ ಕಟ್ಟಿದ. ಮೂವತ್ತು ವರ್ಷಕ್ಕೆ ಅದು ಬೆಂಕಿಗೆ ಆಹುತಿಯಾಯಿತು. ಉಳಿದ ಇಟ್ಟಿಗೆಗಳನ್ನು ನೆರೆಯವರು ದನದ ಕೊಟ್ಟಿಗೆಗೆಂದು ಹೊತ್ತೊಯ್ದರು. ಅತ್ತ ಇಂಗ್ಲೆಂಡಿನ ವಾಡೆಯನ್ನೂ ಕೆಡವಿದರು. ಅಣ್ಣನಿಗೂ ಉಳಿಯಲಿಲ್ಲ, ತಮ್ಮನಿಗೂ ಉಳಿಯಲಿಲ್ಲ. ಉಳಿದದ್ದು ಒಂದು ಮಾಸಿದ ನಕ್ಷೆ ಮಾತ್ರ.

“ಅವನ ಇನ್ನೊಬ್ಬ ಅಣ್ಣ ನಮ್ಮ ಕಡೆ ದಂಡಿನಾಗ ಇದ್ನಂತ್ರಿ. ಅಲ್ಲಿಂದ ಬಂದ ಆಳು ಯಾರೋ ಪಾಯಾಕ್ಕ ನಮ್ಮ ಪದ್ಧತೀಲೆ ಪೂಜಾ ಮಾಡ್ಯಾನ. ಇದೊಂದಾ ಗುರ್ತು. ಗ್ವಾಡಿ ಸಿಕ್ಕಿಲ್ಲ, ಸೋಮವಾರ ರಸ್ತೆ ಮಷೀನ್ ಬರ್ತಾವು. ತಂಬಿಗಿ ಸಿಡ್ನಿ ಲ್ಯಾಬಿಗೆ ಕಳಿಸೀವಿ, ಕಿಲುಬು ತೆಗೀತಾರ.”

“ನಮ್ಮನಿ ಪಾಯಾದಾಗೂ ಹಿಂಥಾದ್ದಾ ಐತಲ್ಲ,” ಎಂದು ದ್ಯಾಮವ್ವ ಗಂಡನ ಕಡೆ ನೋಡಿದಳು.

“ಹ್ಞೂಂ,” ಅಂದರು ಚನ್ನಬಸಯ್ಯ.

ಐತೋ ಇಲ್ಲೋ ಅನ್ನುವುದು ಅವರೊಬ್ಬರಿಗೇ ಗೊತ್ತಿತ್ತು. ಮೂರು ವರ್ಷದ ಹಿಂದೆ ಬಿಲ್ಡರ್ ಬೇಲಿ ಹಾಕುವ ಮುನ್ನ ಭೂಮಿಪೂಜೆ ಮುಗಿಸಿ ತಂಬಿಗೆ ಹೂಳಬೇಕೆಂದು ಒಬ್ಬರೇ ಗುದ್ದಲಿ ಹಿಡಿದು ಹೋಗಿದ್ದರು. ಬಯಲಿನ ತುಂಬ ಬರೀ ಗೂಟಗಳು. ಮಗ ಹೇಳಿದ್ದು ಹದಿನೇಳನೆಯ ಪ್ಲಾಟು. ಶುಭಕಾರ್ಯವೆಂದ ಮೇಲೆ ಪೂರ್ವದಿಂದ ಎಣಿಸಬೇಕಲ್ಲವೇ? ಎಣಿಸಿದರು. ಆಸ್ಟ್ರೇಲಿಯಾದವರು ಪಶ್ಚಿಮದಿಂದ ಎಣಿಸಿದ್ದರು. ಮನೆ ಮೇಲೆದ್ದಾಗ ಅದು ಬಯಲಿನ ಆ ತುದಿ, ತಂಬಿಗೆ ಈ ತುದಿ. ಮೇಷ್ಟರು ತುಟಿ ಪಿಟಕ್ಕೆನ್ನಲಿಲ್ಲ. ಮಗನಿಗೆ ಇಲ್ಲೇ ಕಾಯಂ ನೆಲೆಸುವ ಪಿಆರ್ ಬಂದಾಗ “ಎಲ್ಲಾ ಆ ತಂಬಿಗಿ ಪುಣ್ಯಾ” ಎಂದು ಮೀಸೆ ತಿರುವಿದ್ದೂ ಉಂಟು. ಅಗೆಯುವವರ ಬೇಲಿ ಬೀಳುವವರೆಗೂ ದಿನಾ ವಾಕಿಂಗಿಗೆ ಹೋದಾಗ ಯಾರೂ ಇಲ್ಲದ್ದನ್ನು ನೋಡಿ ಆ ಖಾಲಿ ಹುಲ್ಲಿಗೆ ಕೈಮುಗಿದು ಬರುತ್ತಿದ್ದರು. ಇತ್ತ ದ್ಯಾಮವ್ವ ಮನೆಯ ಈಶಾನ್ಯ ಮೂಲೆಗೆ, ಅಂದರೆ ವಾಷಿಂಗ್ ಮಷೀನಿನ ಹಿಂದೆ, ದಿನಾ ಹೂವು ಇಡುತ್ತಿದ್ದಳು.

ಈಗ ಕಿಲುಬು ಹೋದರೆ ಬುಡದಲ್ಲಿ ಕೊರೆಸಿದ ಹೆಸರು ಕಾಣುತ್ತದೆ. ದ್ಯಾಮವ್ವನ ತವರಿನವರು ಮದುವೆಯಲ್ಲಿ ಕೊಟ್ಟ ತಂಬಿಗೆ ಅದು. ತಮ್ಮ ಮಾನ ಹೋಗುವುದು ಇರಲಿ, ಸೊಸೆಯ ಗತಿಯೇನು? ಪುರಾತತ್ವದಲ್ಲಿ ಎಂಎ ಮಾಡಿದ ಹುಡುಗಿ ನಾಲ್ಕು ವರ್ಷ ಗೋದಾಮಿನಲ್ಲಿ ಡಬ್ಬಿ ಎತ್ತಿಟ್ಟು, ಹೋದ ವರ್ಷವಷ್ಟೇ ಈ ಕೆಲಸ ಹಿಡಿದಿದ್ದಳು. ತಂಬಿಗೆ ಸುಳ್ಳಾದರೆ ಅವಳ ಆರು ವಾರವೆಲ್ಲ ನೀರಲ್ಲಿ ಹೋಮ. ಸುಮ್ಮನಿದ್ದರೆ ಸಿಡ್ನಿಯವರ ಮುಂದೆ ಅವಳೇ ನಗೆಪಾಟಲು. ಮೇಷ್ಟರಿಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಬುತ್ತಿ ಕೊಡುವ ನೆಪದಲ್ಲಿ ಅಗೆಯುವ ಜಾಗಕ್ಕೇ ಹೋದರು. ಮಾಧುರಿ ಹಳದಿ ಜಾಕೆಟ್ ಹಾಕಿಕೊಂಡು ಗುಂಡಿಯಲ್ಲಿ ಕುಳಿತಿದ್ದಳು.

“ತಂಗೀ, ಆ ತಂಬಿಗಿ ಬುಡದಾಗ ನಿಮ್ಮತ್ತಿ ಹೆಸರೈತಿ.”

ಅವಳು ನಕ್ಕಳು. ಮಾವನ ಮುಖ ನೋಡಿ ನಗು ನಿಲ್ಲಿಸಿದಳು. ಗೂಟ ಎಣಿಸಿದ್ದರಿಂದ ಹಿಡಿದು ಹುಲ್ಲಿಗೆ ಕೈಮುಗಿದದ್ದರವರೆಗೆ ಎಲ್ಲವನ್ನೂ ಹೇಳಿದರು. ಮಾಧುರಿ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿದ್ದವು.

“ಹಂಗಾರ ಏನೂ ಸಿಕ್ಕಿಲ್ಲ ಅಂತ ಬರೀತೀನ್ರಿ,” ಅಂದಳು. ಆಮೇಲೆ ರೂಢಿಯ ಪ್ರಕಾರ ಕೇಳಿದಳು: “ಎಷ್ಟು ಆಳ ತೋಡಿದ್ರಿ?”

“ಒಂದ್ ಮೊಳ. ಮೊದಲ ಅಲ್ಲಿ ತೋಡಿದ್ದೆ, ಆ ನಾಕ್ ಹೆಜ್ಜಿ ಆಚೆಕ. ಇಟ್ಟಂಗಿ ಹತ್ತಿ ಗುದ್ದಲಿ ಠಣ್ ಅಂತು. ಬಿಟ್ಟು ಈಕಡೆ ಬಂದೆ.”

“ಇಟ್ಟಂಗಿ ಬಿಡಿ ಇದ್ವೋ, ಸಾಲಾಗಿದ್ವೋ?”

“ಸಾಲಾಗಿದ್ವು. ನಡುವ ಸುಣ್ಣ ಇತ್ತು. ಯಾರದೋ ಹಳೇ ಗಟಾರ ಇದ್ದೀತು ಅಂದ್ಕೊಂಡೆ.”

ಮಾಧುರಿ ಗುಂಡಿಯಿಂದ ಜಿಗಿದೆದ್ದಳು. ಅವರು ತೋರಿಸಿದ ಕಡೆ ಅಗೆದಿರಲೇ ಇಲ್ಲ. ನಕ್ಷೆಯ ಪ್ರಕಾರ ಅದು ಅಂಗಳ. ಮಧ್ಯಾಹ್ನದ ಹೊತ್ತಿಗೆ ಒಂದು ಗೋಡೆಯ ಸಾಲು ಕಂಡಿತು. ಸಂಜೆಯೊಳಗೆ ಮಸಿ ಮೆತ್ತಿದ ದೊಡ್ಡ ಒಲೆ. ಸೋಮವಾರ ಬಂದ ರಸ್ತೆ ಮಷೀನುಗಳು ಹಾಗೇ ತಿರುಗಿ ಹೋದವು.

ಎರಡು ತಿಂಗಳ ಮೇಲೆ ವರದಿ ಅಚ್ಚಾಗಿ ಬಂತು. ನಲವತ್ತೊಂದನೆಯ ಪುಟವನ್ನು ಮಾಧುರಿ ಮಾವನಿಗಾಗಿ ಕನ್ನಡದಲ್ಲೇ ಓದಿ ಹೇಳಿದಳು: “ಇಲ್ಲಿ ಇತ್ತೀಚಿನ ಅಡ್ಡಾದಿಡ್ಡಿ ಗುಂಡಿ ಎರಡು ಇವೆ. ತೋಡಿದವರು ಶ್ರೀ ಚನ್ನಬಸಯ್ಯ. ಅವರು ತಾವಾಗಿ ಬಂದು ತಪ್ಪು ಒಪ್ಪಿಕೊಂಡಿದ್ದರಿಂದಲೇ ಪೆಲ್‌ಹರ್ಸ್ಟ್ ಹಾಲ್ ಸಿಕ್ಕಿತು.”

ಮೇಷ್ಟರು ಆ ಪುಟ ಇಸಿದುಕೊಂಡು, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಆಮೇಲೆ ಒಂದು ಕಡೆ ಬೆರಳಿಟ್ಟರು.

“ಇಲ್ಲಿ ಇಸವಿ ತಪ್ಪೈತಲ್ಲ ತಂಗೀ. ನಾ ತೋಡಿದ್ದು ಅದರ ಮುಂದಿನ ವರ್ಷ.”

ಸಿಡ್ನಿಯಿಂದ ವಾಪಸು ಬಂದ ತಂಬಿಗೆಯನ್ನು ದ್ಯಾಮವ್ವ ಹುಣಸೆಹಣ್ಣು ಹಾಕಿ ಇನ್ನೊಮ್ಮೆ ತಿಕ್ಕುತ್ತಿದ್ದಳು. ಲ್ಯಾಬಿನವರ ತೊಳೆತ ಅವಳ ಮನಸ್ಸಿಗೆ ಬಂದಿರಲಿಲ್ಲ.

“ಇಸವಿ ಆಮ್ಯಾಲೆ ತಿದ್ದೀರಂತ,” ಅಂದಳು. “ಮೊದಲ ನಿಮ್ಮ ಕಿವಿ ನೀವಾ ಹಿಡಕೋರಿ. ಮೂರು ವರ್ಷ ನಾ ವಾಷಿಂಗ್ ಮಷೀನಿಗೆ ಹೂವು ಏರಿಸೇನಿ.”

ಚನ್ನಬಸಯ್ಯನವರು ಬಾಗಿಲ ಕಡೆ ಒಮ್ಮೆ ನೋಡಿ, ಎರಡೂ ಕಿವಿ ಹಿಡಿದುಕೊಂಡರು.