ಇನ್ನೂರ ಎಂಬತ್ತೇಳನೆಯ ಸದಸ್ಯೆ

ನಮ್ಮ ಗ್ರಂಥಪಾಲಕರ ಸಂಘದ ಭವಿಷ್ಯ ರೂಪಿಸಲು ಆ ಭಾನುವಾರ ಧಾರವಾಡದಲ್ಲಿ ಸೇರಿದ್ದವರು ಏಳು ಜನ. ಅದರಲ್ಲಿ ಆರು ಜನ ನಿವೃತ್ತರು, ಆ ಆರರಲ್ಲಿ ಒಬ್ಬರಿಗೆ ಕಿವಿ ಮಂದ. ಏಳನೆಯವಳು ನಾನು, ಸಂಘಮಿತ್ರಾ, ಸಂಘದ ಕಾರ್ಯದರ್ಶಿ, ಕಾಲೇಜೊಂದರ ಲೈಬ್ರರಿಯನ್. ನನಗೂ ನಿವೃತ್ತಿಗೆ ಹದಿನಾಲ್ಕು ತಿಂಗಳಷ್ಟೇ ಬಾಕಿ. ಇಂಥ ನಾವು ಕೂತುಕೊಂಡು ಹುಬ್ಬಳ್ಳಿ-ಧಾರವಾಡ ಅವಳಿನಗರದ ಗ್ರಂಥಪಾಲಕರ ಮುಂದಿನ ಇಪ್ಪತ್ತೈದು ವರ್ಷ ಹೇಗಿರಬೇಕೆಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಾಡಿದೆವು. ಕಂಪ್ಯೂಟರು ಬಂತು, ಕೃತಕ ಬುದ್ಧಿಮತ್ತೆ ಬಂತು, ಎರಡು ಸಲ ಚಹಾ ಬಂತು. ಯಾವ ಕಾಲೇಜಿನಲ್ಲೂ ಹೊಸ ಲೈಬ್ರರಿಯನ್ ಬಂದಿಲ್ಲ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಅಧ್ಯಕ್ಷರಾದ ಮಡಿವಾಳಪ್ಪನವರಿಗೆ ಯೋಜನೆಯ ಪುಸ್ತಿಕೆಯ ಮೊದಲ ಪುಟದಲ್ಲಿ 'ನಾಲ್ಕುನೂರಾ ಹನ್ನೆರಡು ಸದಸ್ಯರ ಸಂಘ' ಎಂದು ಹಾಕಬೇಕೆಂಬ ಆಸೆ. ನನಗೆ ರೇಗಿತು.

"ಸರ, ಅದು ರಿಜಿಸ್ಟರಿನ ಕಡೀ ನಂಬರ. ಅದರಾಗ ಎಷ್ಟ ಜನ ತೀರಿಕೊಂಡಾರ, ಎಷ್ಟ ಜನ ಕೆಲಸಾ ಬಿಟ್ಟು ಅಮರಗೋಳದ ಮಾರ್ಕೆಟ್ಟಿನ್ಯಾಗ ಅಡತಿ ಅಂಗಡಿ ಇಟ್ಟಾರ, ಯಾರ ನೋಡ್ಯಾರ?" ಎಂದೆ.

"ಮತ್ತೇನ ಮಾಡೂದ್ರಿ ಮೇಡಂ?"

"ನಾವು ಪುಸ್ತಕಕ್ಕ ಏನ ಮಾಡತೇವಿ, ಅದನ್ನ ಮಾಡೂಣು. ಸ್ಟಾಕ್ ವೆರಿಫಿಕೇಶನ್."

ಎಲ್ಲರೂ ನಕ್ಕರು. ಆದರೆ ಎಲ್ಲರಿಗೂ ಹಿಡಿಸಿತು, ಯಾಕೆಂದರೆ ಎಲ್ಲರೂ ಲೈಬ್ರರಿಯನ್‌ರು. ನಮ್ಮಲ್ಲಿ ವರ್ಷಕ್ಕೊಮ್ಮೆ ಕಪಾಟಿನ ಪುಸ್ತಕಗಳನ್ನು ರಿಜಿಸ್ಟರಿಗೆ ತಾಳೆ ನೋಡುತ್ತೇವೆ. ಸತತ ಮೂರು ವರ್ಷ ಕೈಗೆ ಸಿಗದ ಪುಸ್ತಕದ ಮೇಲೆ ಕೆಂಪು ಗೆರೆ ಎಳೆದು ಷರಾ ಕಾಲಮಿನಲ್ಲಿ 'ರದ್ದು' ಎಂದು ಬರೆಯುತ್ತೇವೆ. ರದ್ದಾದ ಪುಸ್ತಕ ಮುಂದೆ ಸಿಕ್ಕರೆ ಅದಕ್ಕೆ ಹೊಸ ನಂಬರು. ಅದೇ ಪ್ರಕಾರ, ಮೂರು ವರ್ಷ ವಾರ್ಷಿಕ ಸಭೆಗೆ ಬಾರದ ಸದಸ್ಯರು ರದ್ದು, ಮರಳಿ ಬಂದರೆ ಹೊಸ ನಂಬರು ಎಂದು ಠರಾವು ಬರೆದೆವು. ಸೂಚಿಸಿದವಳು ನಾನು. ಆ ಹೊತ್ತಿಗೆ ನನ್ನ ಬುದ್ಧಿಯ ಬಗ್ಗೆ ನನಗೇ ಬಹಳ ಅಭಿಮಾನ ಮೂಡಿತ್ತು.

ಮರುವಾರ ನಾನು, ಮಡಿವಾಳಪ್ಪನವರು ಮತ್ತು ಆ ಮಂದಗಿವಿಯ ಗಂಗಪ್ಪನವರು ಹಾಜರಿ ಪುಸ್ತಕ ಎದುರಿಟ್ಟುಕೊಂಡು ಕೂತೆವು. ಗಂಗಪ್ಪನವರು ನಂಬರು ಓದುತ್ತಿದ್ದರು, ನಾನು ಗೆರೆ ಎಳೆಯುತ್ತಿದ್ದೆ. ಇನ್ನೂರಾ ಮೂರು, ಗುರುಪಾದ ಅವರದು, ಮೂರೂ ವರ್ಷ ಗೈರು. ಮಡಿವಾಳಪ್ಪನವರು ನನ್ನ ಕೈ ತಡೆದರು.

"ಅಂವಾ ನಮ್ಮಂವಾ ಅದಾನ್ರಿ. ಮೊಣಕಾಲ ಆಪರೇಶನ್ ಆಗೇತಿ. ಇರಲಿ ಬಿಡ್ರಿ."

ಬಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಇನ್ನೂರ ಎಂಬತ್ತೇಳು ಬಂತು. ಕರುಣಾ. ಅವಳದೂ ಮೂರು ವರ್ಷ ಗೈರು. ಹದಿನೇಳು ವರ್ಷದ ಹಿಂದೆ ಹುಬ್ಬಳ್ಳಿಯ ಖಾಸಗಿ ಕಾಲೇಜೊಂದರಲ್ಲಿ ಆಗಷ್ಟೇ ಹಂಗಾಮಿ ಲೈಬ್ರರಿಯನ್ ಆಗಿ ಸೇರಿದ್ದ ಆ ಹುಡುಗಿಗೆ ಫಾರ್ಮು ತುಂಬಿಸಿ, ಆ ನಂಬರನ್ನು ಈ ರಿಜಿಸ್ಟರಿನಲ್ಲಿ ಬರೆದವಳು ನಾನೇ. ಅವಳು ನನ್ನದೇ ಸಮಾಜದವಳು. ನನ್ನ ಪೆನ್ನು ನಿಂತಿತು. ಒಂದು ಫೋನು ಮಾಡಿದ್ದರೆ ಸಾಕಿತ್ತು, ಫೋನು ಮೇಜಿನ ಮೇಲೆಯೇ ಇತ್ತು. ಆದರೆ ಮಡಿವಾಳಪ್ಪನವರು ನನ್ನ ಮುಖ ನೋಡುತ್ತಿದ್ದರು. ತನ್ನವಳೆಂದು ಉಳಿಸಿಕೊಂಡಳು ಎಂದಾರು ಎಂಬ ಅಂಜಿಕೆ ನನಗೆ. ಅವರು ತಮ್ಮವನನ್ನು ಉಳಿಸಿಕೊಂಡು ಹತ್ತು ನಿಮಿಷ ಆಗಿರಲಿಲ್ಲ, ಅವರಿಗೆ ಅಂಥ ಅಂಜಿಕೆ ಇರಲಿಲ್ಲ. ಅದು ಇದ್ದದ್ದು ನನಗೆ ಮಾತ್ರ. ಗೆರೆ ಎಳೆದುಬಿಟ್ಟೆ, ಉಳಿದವರದಕ್ಕಿಂತ ನೆಟ್ಟಗೆ.

ಕೊನೆಗೆ ಉಳಿದವರು ಅರವತ್ತೊಂದು ಜನ. ಆ ಪಟ್ಟಿಯನ್ನು ಯೋಜನೆಯ ಜೊತೆ ಕಾಲೇಜು ಶಿಕ್ಷಣ ಇಲಾಖೆಗೆ ಕಳಿಸಿದೆವು. ಪಟ್ಟಿಯ ಕೆಳಗೆ ನಾನೊಂದು ವಾಕ್ಯ ಸೇರಿಸಿ ಸಹಿ ಹಾಕಿದ್ದೆ: 'ಇವರ ಹೊರತು ನಮ್ಮ ಸಂಘದ ಬೇರಾವ ಸದಸ್ಯರೂ ಈಗ ವೃತ್ತಿಯಲ್ಲಿ ಇರುವುದಿಲ್ಲ.' ಬರೆದಾಗ ಬಹಳ ಅಚ್ಚುಕಟ್ಟಾದ ವಾಕ್ಯ ಅನ್ನಿಸಿತ್ತು.

ಒಂದೂವರೆ ತಿಂಗಳಿಗೆ ಕರುಣಾ ನನ್ನ ಲೈಬ್ರರಿಗೆ ಬಂದಳು. ಕೈಯಲ್ಲಿ ಅರ್ಜಿ, ಮುಖದಲ್ಲಿ ನಾನು ವರ್ಷಗಟ್ಟಲೆ ಕಾಣದ ಗೆಲುವು.

"ಅಕ್ಕಾರ, ನೋಡಿದ್ರೇನು? ಇಲಾಖೆಯವರು ಹಂಗಾಮಿ ಇದ್ದೋರನ್ನ ಕಾಯಂ ತಗೊಳ್ಳಾಕತ್ತಾರ. ಹತ್ತ ವರ್ಷದ ಅನುಭವ ಬೇಕು, ವಯಸ್ಸು ನಲವತ್ತೈದರ ಒಳಗ ಇರಬೇಕು. ನನಗ ಬರೂ ಜುಲೈಕ ನಲವತ್ತೈದ ತುಂಬತೈತ್ರಿ. ಇದ ಕಡೀ ಸಲ."

"ನಿಮ್ಮ ಕಾಲೇಜಿನವರು ಅನುಭವದ ಸರ್ಟಿಫಿಕೇಟ್ ಕೊಡತಾರೇನ?"

"ಇಲ್ರಿ. ಅವರ ಕಾಗದದಾಗ ನಾ ಕ್ಲಾರ್ಕ್ ಅದೀನಂತ. ಸಂಘದ್ದು ನಡೀತೈತಿ ಅಂತ ಆದೇಶದಾಗ ಬರದಾರ. ಸದಸ್ಯಳಾಗಿ ಹದಿನೇಳ ವರ್ಷ ಆತಲ್ರಿ ನಾನು. ನೀವು ಎರಡ ಸಾಲ ಬರದ ಕೊಟ್ರ ಮುಗೀತು."

ನಾನು ಕೇಳಬಾರದ್ದನ್ನು ಕೇಳಿದೆ.

"ಮೂರ ವರ್ಷ ಸಭೆಗೆ ಯಾಕ ಬರಲಿಲ್ಲ ನೀ?"

ಅವಳು ಅಚ್ಚರಿಯಿಂದ ನನ್ನನ್ನು ನೋಡಿದಳು. "ಸಭೆ ಐತವಾರ ಇರತೈತಲ್ರಿ ಅಕ್ಕಾರ. ನಮ್ಮ ಕಾಲೇಜಿನ್ಯಾಗ ಪರೀಕ್ಷಾಕ್ಕ ಓದೋ ಹುಡುಗರ ಸಂಬಂಧ ಐತವಾರನೂ ಲೈಬ್ರರಿ ತಗೀಬೇಕಂತ ಮಾಡ್ಯಾರ. ಒಂದ ದಿನ ಮುಚ್ಚಿದ್ರ ನನ್ನ ತಗದ ಬ್ಯಾರೇದವರನ್ನ ಇಟ್ಕೋತಾರ. ಅದಕ್ಕ ಪ್ರತಿ ವರ್ಷ ನಿಮಗ ಪತ್ರ ಬರದೇನಲ್ರಿ."

ಅವಳನ್ನು ಕೂರಿಸಿ ಒಳಗೆ ಹೋದೆ. ಸಂಘದ ಪತ್ರಗಳ ಪೆಟ್ಟಿಗೆ ನನ್ನ ಕೋಣೆಯಲ್ಲೇ ಇದೆ. ಹುಡುಕುವ ಕಷ್ಟವೇ ಇರಲಿಲ್ಲ. ವರ್ಷವಾರು, ಅಕ್ಷರಾನುಕ್ರಮದಲ್ಲಿ, ಕ ಅಕ್ಷರದ ಕೆಳಗೆ, ಮೂರು ಪತ್ರ. ಮೂರರ ಮೇಲೂ 'ಬಂದಿದೆ' ಎಂಬ ಮುದ್ರೆ, ತಾರೀಖು, ನನ್ನ ಚಿಕ್ಕ ಸಹಿ. 'ಲೈಬ್ರರಿ ತೆರೆದಿಡಬೇಕಾದ ಕಾರಣ ಸಭೆಗೆ ಬರಲಾಗುತ್ತಿಲ್ಲ, ಕ್ಷಮಿಸಬೇಕು' ಎಂದು ಮೂರು ವರ್ಷವೂ ಅದೇ ದುಂಡು ಅಕ್ಷರ. ನಾನು ಅವನ್ನು ಓದಿರಲಿಲ್ಲ. ಸರಿಯಾದ ಜಾಗದಲ್ಲಿ ಇಟ್ಟಿದ್ದೆ.

ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಮೊದಲು ಇಶ್ಯೂ ರಿಜಿಸ್ಟರು ನೋಡಬೇಕು. ಅದು ಓದುಗರ ಕೈಯಲ್ಲಿ ಇರಬಹುದು. ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿಕೊಡುವ ಪಾಠ ಇದು. ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ, ಕರುಣಾಳಿಗೂ ಸಹ. ಊರಿನಲ್ಲಿ ಭಾನುವಾರ ಕೂಡ ಲೈಬ್ರರಿಯ ಕುರ್ಚಿ ಬಿಟ್ಟು ಏಳದವಳನ್ನು ಹುಡುಕಿ ಹುಡುಕಿ ವೃತ್ತಿಯಲ್ಲಿಲ್ಲ ಎಂದು ಬರೆದಿದ್ದೆ.

ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಗುರುಪಾದರದು, ಪೆನ್ನು ನಿಂತದ್ದು, ನನ್ನ ಅಂಜಿಕೆ, ಯಾವುದನ್ನೂ ಬಿಡಲಿಲ್ಲ. ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದಳು, ಮತ್ತೆ ಬಿಚ್ಚಿದಳು.

"ಸರಿ ಮಾಡಾಕ ಬರತೈತೇನ್ರಿ ಅಕ್ಕಾರ?"

"ಮಾಡತೇನಿ," ಎಂದೆ.

ಅಂದೇ ಸಂಜೆ ಮಡಿವಾಳಪ್ಪನವರ ಮನೆಗೆ ಹೋದೆ. ಪತ್ರಗಳನ್ನು ಅವರು ನಿಧಾನವಾಗಿ ಓದಿದರು. ಕೆಟ್ಟ ಮನುಷ್ಯರಲ್ಲ. ನಿಜವಾಗಿಯೂ ಮರುಗಿದರು.

"ಪಾಪ ರೀ. ಒಂದ ಕೆಲಸಾ ಮಾಡ್ರಿ, ಹೊಸಾ ಫಾರ್ಮ್ ತುಂಬಿಸಿ ತಗೊಂಡ ಬಿಡ್ರಿ. ನಾಲ್ಕುನೂರಾ ಹದಿಮೂರು."

"ಇವತ್ತಿನ ತಾರೀಖು ಬೀಳತೈತಿ ಸರ. ಹದಿನೇಳ ವರ್ಷ ಹೋಗಿಬಿಡತಾವ. ಅಕೀಗೆ ಹಳೇ ನಂಬರ ಬೇಕು."

"ರದ್ದಾದ ಪುಸ್ತಕ ಮತ್ತ ಸಿಕ್ರ ಹೊಸಾ ನಂಬರ ಅಂತ ನೀವ ಅಲ್ರಿ ಠರಾವಿನ್ಯಾಗ ಬರಸಿದ್ದು? ಈಗ ಒಬ್ಬರಿಗೆ ಹಳೇದು ಕೊಟ್ರ ಮುನ್ನೂರ ಐವತ್ತ ಜನ ಬಂದ ನಿಂದರತಾರ. ಯೋಜನಾ ಪ್ರೆಸ್ಸಿಗೆ ಹೋಗೇತಿ."

"ಗುರುಪಾದರದು ಹೆಂಗ ಉಳೀತ್ರಿ ಸರ?"

ಅವರು ಪತ್ರಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. "ಚಹಾ ತಗೋತೀರೇನ್ರಿ ಮೇಡಂ?" ಎಂದರು.

ಚಹಾ ಕುಡಿಯದೆ ಬಂದೆ. ಮನೆಯಲ್ಲಿ ಕೂತು ರಿಜಿಸ್ಟರಿನಲ್ಲಿ ಅವಳ ಷರಾ ಕಾಲಮಿಗೆ 'ತಪ್ಪಿನಿಂದ ರದ್ದಾಗಿದೆ, ಸದಸ್ಯತ್ವ ಮುಂದುವರಿದಿದೆ' ಎಂದು ಬರೆದೆ. ಠರಾವಿಗೆ ವಿರುದ್ಧ ಎಂದು ಗೊತ್ತಿದ್ದೂ ಬರೆದೆ. ಸರ್ಟಿಫಿಕೇಟ್ ತಯಾರಿಸಿ, ಮೂರು ಪತ್ರಗಳ ಪ್ರತಿ ಲಗತ್ತಿಸಿ, ಕೊನೆಯ ದಿನ ಕರುಣಾಳನ್ನು ಕರೆದುಕೊಂಡು ಅರ್ಜಿ ತೆಗೆದುಕೊಳ್ಳುವ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತೆ ವಯಸ್ಸಿನಲ್ಲಿ ಚಿಕ್ಕವಳು, ಚುರುಕಾಗಿದ್ದಳು. ಫೈಲು ತೆಗೆದು ನಮ್ಮದೇ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಇದು ನಿಮ್ಮ ಸಹೀನ ಅಲ್ರಿ ಮೇಡಂ?"

"ಹೌದ್ರಿ."

"ಇದರಾಗ ಇವರ ಹೆಸರಿಲ್ಲ. ಇವರ ಹೊರತು ಯಾರೂ ವೃತ್ತಿಯಲ್ಲಿಲ್ಲ ಅಂತ ನೀವ ಬರದೀರಿ. ಈ ಸರ್ಟಿಫಿಕೇಟಿನ ಮ್ಯಾಲೂ ನಿಮ್ಮದ ಸಹಿ. ನಾ ಯಾವುದನ್ನ ಖರೇ ಅಂತ ತಿಳೀಲಿ?"

"ಮೊದಲಿಂದು ತಪ್ಪು. ಅದು ನಂದ ತಪ್ಪು. ಬರದ ಕೊಡತೇನಿ."

"ಬರದ ಕೊಡ್ರಿ, ಫೈಲಿನ್ಯಾಗ ಇಡತೇನಿ. ಆದ್ರ ಪಟ್ಟಿ ಮ್ಯಾಲಿನವರಿಗೆ ಹೋಗಿ ಮಂಜೂರಾಗೇತ್ರಿ. ಪಟ್ಟ್ಯಾಗ ಇಲ್ಲದವರ ಅರ್ಜಿ ಕಂಪ್ಯೂಟರ್ ತಗೊಳ್ಳೂದಿಲ್ಲ."

ಅವಳ ಮೇಲೆ ಸಿಟ್ಟು ಮಾಡಲು ಏನೂ ಇರಲಿಲ್ಲ. ನನ್ನ ಜಾಗದಲ್ಲಿ ಅವಳಿದ್ದರೆ ಫೋನು ಮಾಡುತ್ತಿದ್ದಳೋ ಏನೋ. ತಪ್ಪೊಪ್ಪಿಗೆ ಬರೆದುಕೊಟ್ಟೆ. ಅವಳು ಅದಕ್ಕೊಂದು ಮುದ್ರೆ ಒತ್ತಿ, ಚಿಕ್ಕ ಸಹಿ ಹಾಕಿ, ಸರಿಯಾದ ಜಾಗದಲ್ಲಿ ಇಟ್ಟಳು. ಹುಬ್ಬಳ್ಳಿ ಬಸ್ಸು ಹತ್ತುವ ಮುಂಚೆ ಕರುಣಾ, "ಮಧ್ಯಾಹ್ನದ ಪಾಳಿಗಾದ್ರೂ ಮುಟ್ಟತೇನಿ," ಎಂದಳು.

ಯೋಜನೆಯ ಪುಸ್ತಿಕೆ ಬಿಡುಗಡೆ ಜುಲೈ ತಿಂಗಳ ಒಂದು ಭಾನುವಾರಕ್ಕೆ ಗೊತ್ತಾಯಿತು. ವಾರ್ಷಿಕ ಸಭೆಯೂ ಅದರ ಜೊತೆಗೇ. ಕರುಣಾಳಿಗೆ ನಲವತ್ತೈದು ತುಂಬಿ ಆರು ದಿನ ಆಗಿತ್ತು. ನಾನು ಬೆಳಿಗ್ಗೆ ಸೀರೆ ಉಟ್ಟು ಸಭೆಗೆಂದೇ ಹೊರಟವಳು, ಬಸ್ಟ್ಯಾಂಡಿನಲ್ಲಿ ಮನಸ್ಸು ಬದಲಿಸಿ ಹುಬ್ಬಳ್ಳಿ ಬಸ್ಸು ಹತ್ತಿದೆ.

ಅವಳ ಕಾಲೇಜು ಹಳೇ ಹುಬ್ಬಳ್ಳಿಯ ಓಣಿಯೊಂದರ ಕೊನೆಗಿದೆ. ಮೊದಲ ಮಹಡಿಯ ಉದ್ದನೆಯ ಕೋಣೆಯಲ್ಲಿ ಅರವತ್ತು ಎಪ್ಪತ್ತು ಹುಡುಗ ಹುಡುಗಿಯರು ತಲೆ ಬಗ್ಗಿಸಿ ಓದುತ್ತಿದ್ದರು. ಬಾಗಿಲ ಬಳಿಯ ಮೇಜಿನ ಹಿಂದೆ ಕರುಣಾ ಕೂತು ಹರಿದ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಅಕ್ಕಾರ, ಇವತ್ತ ನಿಮ್ಮ ಸಭೆ ಅಲ್ರಿ?"

"ನಿನ್ನ ನೋಡಾಕ ಬಂದೆ. ತಪ್ಪಾತವಾ ನನ್ನಿಂದ."

"ಕುಂದರ್ರಿ," ಎಂದಳು. ಅಳುವಳೇನೋ, ಬೈಯುವಳೇನೋ ಎಂದು ಕಾದೆ. ಎರಡಕ್ಕೂ ತಯಾರಾಗಿ ಬಂದಿದ್ದೆ. ಅವಳು ಗೋಂದಿನ ಕೈ ಒರೆಸಿಕೊಂಡು ಗಡಿಯಾರ ನೋಡಿದಳು.

"ಸ್ವಲ್ಪ ಹೊತ್ತ ಈ ಕುರ್ಚಿ ಮ್ಯಾಲೆ ಕುಂದರತೀರೇನ್ರಿ? ಬುತ್ತಿ ತಂದೇನಿ, ಕೆಳಗ ಕುಂತ ಉಂಡ ಬರತೇನಿ. ಇಲ್ಲಿ ಉಣ್ಣಂಗಿಲ್ಲ, ಬಿಟ್ಟ ಹೋಗಂಗಿಲ್ಲ. ಐತವಾರ ಐದ ಗಂಟೆ ಮ್ಯಾಲೇ ಉಣ್ಣೋದ್ರಿ ನಾನು."

ಅವಳು ಹೋದಳು. ನಾನು ಕೂತೆ. ಕುರ್ಚಿಯ ಒಂದು ಕೈ ಮುರಿದಿತ್ತು, ಅದಕ್ಕೆ ಪುಸ್ತಕ ಕಟ್ಟುವ ದಾರವನ್ನೇ ಸುತ್ತಿದ್ದಳು. ಒಬ್ಬ ಹುಡುಗಿ ಬಂದು ನಕಾಶೆ ಕೇಳಿದಳು, ಕೊಟ್ಟೆ. ಇನ್ನೊಬ್ಬಳು ಪುಸ್ತಕ ಮರಳಿಸಿದಳು, ಬರೆದುಕೊಂಡೆ. ಅಷ್ಟರಲ್ಲಿ ಫೋನು ಗುಂಯ್ ಅಂದಿತು. ಮಡಿವಾಳಪ್ಪನವರು. ಹಿಂದೆ ಮೈಕಿನ ಸದ್ದು ಕೇಳುತ್ತಿತ್ತು.

"ಎಲ್ಲಿ ಅದೀರಿ ಮೇಡಂ? ಇಪ್ಪತ್ತಮೂರ ಜನ ಬಂದಾರ. ಹಾಜರಿ ಹಿಡಿಯಾಕ ನೀವ ಇಲ್ಲ."

"ಲೈಬ್ರರಿಯೊಳಗ ಅದೀನ್ರಿ ಸರ," ಎಂದು ಪಿಸುಗುಟ್ಟಿದೆ.

"ಐತವಾರ ಎಂಥಾ ಲೈಬ್ರರಿ ರೀ? ಗೈರು ಅಂತ ಹಾಕಲೇನು?"

"ಹಾಕ್ರಿ. ಕಾರಣಾನೂ ಬರೀರಿ."

ಪುಟ ತಿರುವುವ ಸದ್ದು ಕೇಳಿಸಿತು. "ಕಾರಣ ಬರಿಯಾಕ ಜಾಗಾ ಇಲ್ಲಲ್ರಿ ಇದರಾಗ. ಹೊಸಾ ಹಾಜರಿ ಪುಸ್ತಕ, ನೀವ ಗೆರಿ ಹಾಕಿ ಕೊಟ್ಟದ್ದು. ಹಾಜರು, ಗೈರು, ಎರಡ ಕಾಲಮ್ ಅದಾವ."

ಫೋನು ಇಟ್ಟೆ. ಹತ್ತು ನಿಮಿಷವೂ ಆಗಿರಲಿಲ್ಲ, ಕರುಣಾ ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದಳು. ಇಷ್ಟು ಲಗೂ ಯಾಕೆ ಬಂದೆ, ಸಾವಕಾಶ ಉಣ್ಣಬಾರದಿತ್ತೇ ಎಂದೆ.

"ಅಂಜಿಕಿ ಆತ್ರಿ ಅಕ್ಕಾರ," ಎಂದಳು. "ಯಾರರೆ ಬಂದು, ಕುರ್ಚಿ ಮ್ಯಾಲೆ ನಾ ಇಲ್ಲದ್ದ ನೋಡಿ ಬರಕೊಂಡ ಹೋದ್ರ ಏನ ಮಾಡ್ಲಿ?"

ನಾನು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟೆ.