ಮೂಲೆಯ ಕವಳಿ ಗಿಡ

ಕವಳಿ ಗುಡ್ಡದ ಹಣ್ಣು. ಅದನ್ನು ಹೊಲಕ್ಕೆ ತಂದವನು ಶಫೀಕ. ಕಪ್ಪತಗುಡ್ಡದ ಹಣ್ಣಿನ ಬೀಜದಿಂದ ಸಸಿ ಮಾಡಿ, ಶಿರಹಟ್ಟಿ ದಾರಿಯಲ್ಲಿ ಮನೆಯ ಹಿಂದಿದ್ದ ತುಂಡು ಹೊಲದಲ್ಲಿ ಸಾಲು ಹಿಡಿದು ನೆಟ್ಟ. ಹೊಲದಲ್ಲಿ ಮುಳ್ಳು ಬೆಳೆಯುವವ ಎಂದು ಊರು ನಕ್ಕಿತು. ಸಸಿ ಮೊಣಕಾಲೆತ್ತರ ಆಗುವಷ್ಟರಲ್ಲಿ ಅವನು ತೀರಿಕೊಂಡ.

ಈಗ ಗಿಡಗಳು ಎದೆಯೆತ್ತರ, ಕಡುಹಸಿರು. ಹೂವು ಮಾತ್ರ ಇಲ್ಲ.

"ಈ ಬ್ಯಾಸಗಿಗೂ ಹಣ್ಣ ಬಿಡಲಿಲ್ಲಂದ್ರ ಕಿತ್ತು ಉಳ್ಳಾಗಡ್ಡಿ ಹಾಕೋದ, ರುಹಿ" ಎಂದ ಶಫೀಕನ ಅಣ್ಣ ಇಲಿಯಾಸ. "ಬರೇ ಎಲಿ ನೋಡ್ಕೋತ ಎಷ್ಟ ವರ್ಷ ಕುಂಡ್ರೋದು?"

"ಕಿತ್ತು ನೋಡಲೇ! ಮೊದಲ ನನ್ನ ಕಿತ್ತ ಹಾಕು" ಎಂದಳು ಅವನ ತಾಯಿ, ರುಹಿಯ ಅತ್ತೆ ಮೋತಿಬಿ.

ಗಂಡ ಶಫೀಕ ಹೋದಾಗಿನಿಂದ ರುಹಿಗೆ ಅಳುವೂ ಬಂದಿರಲಿಲ್ಲ. ಈ ಗಿಡ ಹೋದರೆ ಅವನು ಮಾಡಿದ್ದು ಏನೂ ಉಳಿಯುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ಹೂವು ಬಿಡದ ಕಾರಣವೂ ಗೊತ್ತಿತ್ತು. ಗುಡ್ಡದ ಕವಳಿ ಕಲ್ಲಿನ ಸಂದಿಯಲ್ಲಿ ಬಾಯಾರಿ ನಿಂತು ಕಾಯಿ ಬಿಡುತ್ತದೆ. ಇಲ್ಲಿ ಮೋತಿಬಿ ದಿನಾ ಸಂಜೆ ಕೊಡದ ಮೇಲೆ ಕೊಡ ಹೊತ್ತು ನೀರೆರೆಯುತ್ತಾಳೆ. ಹೊಟ್ಟೆ ತುಂಬಿದ ಗಿಡಕ್ಕೆ ಹೂವಿನ ಗೊಡವೆ ಏಕೆ?

ಚಳಿ ಮುಗಿಯುವ ಮೊದಲು ಹೇಳಲೇಬೇಕಿತ್ತು.

"ಅಮ್ಮಾ, ಇನ್ನ ನೀರ ಹಾಕಬ್ಯಾಡ್ರಿ. ನೀರ ಹೆಚ್ಚಾಗಿ ಹೂ ಬಿಡವಲ್ವು."

ಮೋತಿಬಿ ಕೊಡ ಇಳಿಸಲಿಲ್ಲ. "ಇಲಿಯಾಸ ಶುಕ್ರವಾರಕ್ಕೊಮ್ಮಿ ಹೋಗಿ ಶಫೀಕನ ಗೋರಿಗೆ ನೀರ ಹಾಕಿ ಬರ್ತಾನ. ನಮ್ಮೂರಾಗ ಹೆಂಗಸರು ಖಬರಸ್ತಾನಕ್ಕ ಹೋಗಂಗಿಲ್ಲ. ಮತ್ತ ನಾ ಎಲ್ಲಿ ಹಾಕ್ಲಿ, ಹೇಳವಾ?"

ರುಹಿ ಹೊಲದ ಮೂಲೆಯತ್ತ ಕೈ ತೋರಿಸಿದಳು.

"ಆ ಮೂಲ್ಯಾಗಿನ ಗಿಡಕ್ಕ ಹಾಕ್ರಿ. ಅದು ನಿಮ್ಮದು. ಉಳಿದಾವು ನನಗ ಬಿಡ್ರಿ."

ಮುದುಕಿ ಸಾಲನ್ನೆಲ್ಲ ಒಮ್ಮೆ ನೋಡಿದಳು. ಮೂಲೆಗೆ ನಡೆದು ಇಡೀ ಕೊಡ ಅಲ್ಲಿಯೇ ಸುರಿದಳು.

ಬಿಸಿಲು ಏರಿತು. ಎಲೆ ಹಳದಿಯಾಗಿ ಉದುರತೊಡಗಿದವು. ಇಲಿಯಾಸ ಗುದ್ದಲಿಗೆ ಹೊಸ ಹಿಡಿ ಹಾಕಿಸಿಕೊಂಡು ಬಂದ. ತಾನೇ ಕೊಂದೆನೇನೋ ಎಂದು ರುಹಿ ದಿನಾ ಹೋಗಿ ಟೊಂಗೆ ಉಗುರಿನಿಂದ ಕೆರೆದು ಒಳಗಿನ ಹಸಿರು ನೋಡಿ ಬರುತ್ತಿದ್ದಳು.

ಹೋಳಿ ಹತ್ತಿರ ಬಂದಾಗ ಮುಳ್ಳುಗಳ ನಡುವೆ ಬಿಳಿ ಹೂವು ಬಂತು. ಮುಂಗಾರಿಗೆ ಮುಂಚೆ ಕಾಯಿ ಕಪ್ಪಾದವು. ಇಲಿಯಾಸ ಒಂದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ.

"ಏನ ಹುಳಿ ಐತಿ ಮಾರಾಯಾ!"

"ಹುಳಿ ಇದ್ರ ಉಗುಳಲೇ" ಎಂದಳು ಮೋತಿಬಿ.

ಅವನು ಉಗುಳಲಿಲ್ಲ, ಇನ್ನೊಂದಕ್ಕೆ ಕೈ ಹಾಕಿದ.

ಮೂಲೆಯ ಗಿಡ ಮಾತ್ರ ಒಂದೂ ಹಣ್ಣಿಲ್ಲದೆ ಹಸಿರಾಗಿ ನಿಂತಿತ್ತು. ಅದನ್ನು ಕೀಳುವ ಮಾತು ಯಾರೂ ಎತ್ತಲಿಲ್ಲ. ಸಂಜೆ ಮೋತಿಬಿ ಕೊಡ ತುಂಬಿದಾಗ ರುಹಿ ಕೈಚಾಚಿದಳು.

"ಇವತ್ತ ನಾ ಹಾಕ್ತೀನಿ, ಅಮ್ಮಾ."