ಗಂಟೆಯಮ್ಮನಿಗೆ ಸಲಾಮು

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಲೆಮಾಯಾನ್ ಸಲಾಮು ಕಾರ್ಯಕ್ರಮದ ನಿರೂಪಕಿ ಕಗೇಹಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. ಕಿವುಲಿ ರೇಡಿಯೊಗೆ ಅವನು ಮ್ಯಾನೇಜರಾಗಿ ಬಂದು ನಾಲ್ಕು ತಿಂಗಳಾಗಿತ್ತು. ಅದಕ್ಕೆ ಮುಂಚೆ ಎದುರಾಳಿ ಸ್ಟೇಷನ್ನಿನಲ್ಲಿದ್ದ. ಗಾಳಿ ಬಂದಾಗ ತೂರಿಕೊಳ್ಳುವ ಜಾತಿ.

"ಮೇಡಂ, ಇವತ್ತೇ ಕೊನೆ ಸಲಾಮು," ಎಂದ. "ಸೋಮವಾರದಿಂದ ಬರೀ ಹುಡುಗರ ಹಾಡು. ಸ್ಟೇಷನ್ನಿನ ಹೆಸರೂ ಬೇರೆ. ನೈರೋಬಿಯಲ್ಲಿ ನಾವು ಹನ್ನೆರಡನೇ ನಂಬರಿಗೆ ಇಳಿದಿದೀವಿ, ಗೊತ್ತಲ್ಲ?"

ಕಗೇಹ ಕೇಳಿದ್ದು ಒಂದೇ. "ಕೇಳುಗರಿಗೆ ಹೋಗಿಬರ್ತೀನಿ ಅಂತ ಹೇಳಿಬಿಡ್ತೀನಪ್ಪ. ಎರಡೇ ನಿಮಿಷ."

"ಅದೊಂದು ಮಾತ್ರ ಬೇಡ. ನೀವು ಹೋಗಿಬರ್ತೀನಿ ಅಂದ ಅರ್ಧ ಗಂಟೆಗೆ ಆಚೆ ಸ್ಟೇಷನ್ನೋರು 'ಬನ್ನಿ, ನಮ್ಮಲ್ಲಿ ಜಾಗ ಇದೆ' ಅಂತ ನಿಮ್ಮೋರನ್ನೆಲ್ಲ ಬಾಚ್ಕೊಂಡು ಹೋಗ್ತಾರೆ. ಅಲ್ಲಿದ್ದಾಗ ನಾನೇ ಎರಡು ಸಲ ಮಾಡಿದೀನಿ. ಇದು ಗುಟ್ಟು ಮೇಡಂ. ಗಾಜಿನಾಚೆ ನಾನೇ ನಿಂತಿರ್ತೀನಿ. ಒಂದು ಮಾತು ಬಾಯಿಂದ ಬಂದ್ರೂ ಮೈಕ್ ಬಂದ್ ಮಾಡ್ತೀನಿ. ಜಾಹೀರಾತು ವಿಭಾಗದಲ್ಲಿ ನಿಮಗೆ ಇಟ್ಟಿರೋ ಕುರ್ಚಿಯೂ ಇರಲ್ಲ."

ಹದಿನಾಲ್ಕು ವರ್ಷ ಊಟ ಹಾಕಿದ ಮನೆಯಿಂದ ಹಿಂಬಾಗಿಲಲ್ಲಿ ಹೋಗು ಅಂದಹಾಗಿತ್ತು. ಕಗೇಹ ಎದ್ದು ಸ್ಟುಡಿಯೊ ಕಡೆ ನಡೆದಳು.

ಸಲಾಮು ಅಂದರೆ ದೊಡ್ಡ ವಿದ್ಯೆಯೇನಲ್ಲ. ಮೂಲೆಯಂಗಡಿಯಲ್ಲಿ ಹತ್ತು ಶಿಲಿಂಗಿಗೆ ಸ್ಟೇಷನ್ನಿನ ಅಚ್ಚು ಹಾಕಿಸಿದ ಕಾರ್ಡು ಸಿಗುತ್ತಿತ್ತು. ಅದರಲ್ಲಿ ನೀವೇ ಇಟ್ಟುಕೊಂಡ ಬಿರುದು, ಯಾರ‍್ಯಾರಿಗೆ ಸಲಾಮು, ಯಾವ ಹಾಡು ಅಂತ ಬರೆದು ಕಳಿಸಿದರೆ ಸಂಜೆ ನಾಲ್ಕರಿಂದ ಐದರವರೆಗೆ ಕಗೇಹ ಅದನ್ನು ಓದುತ್ತಿದ್ದಳು. ಇಷ್ಟೇ. ಆದರೆ ಕೈಗೊಂದು ಫೋನು ಬರುವ ಮೊದಲಿನ ಆ ಕಾಲದಲ್ಲಿ, ಕವಾಂಗ್ವಾರೆಯ ತಾಯಿ ಜ್ವರ ಬಿಟ್ಟು ಎದ್ದು ಕೂತಿದ್ದಾಳೆಂದು ಎಲ್ಡೊರೆಟ್ಟಿನ ಮಗನಿಗೆ ತಿಳಿಯುತ್ತಿದ್ದದ್ದು ಆ ಕಾರ್ಡಿನಿಂದಲೇ. ಸಲಾಮಿನವರೆಲ್ಲ ಸೇರಿ ಕ್ಲಬ್ಬು ಕಟ್ಟಿಕೊಂಡಿದ್ದರು. ಮುಖ ನೋಡದೆ ಸ್ನೇಹ ಬೆಳೆಸಿ, ಆಮೇಲೆ ಮದುವೆಯಾದವರಿದ್ದರು. ಒಬ್ಬ ಸದಸ್ಯ ತೀರಿಕೊಂಡರೆ ಹೆಣ ಊರಿಗೆ ಸಾಗಿಸಲು ಬಸ್ಸು ಮಾಡುತ್ತಿದ್ದವರೂ ಅವರೇ. ಇಂಥ ಬಳಗಕ್ಕೆ ಲೆಮಾಯಾನನ ಜಾಹೀರಾತಿನ ನಕ್ಷೆಯಲ್ಲಿ 'ಕೊಳ್ಳುವ ಶಕ್ತಿಯಿಲ್ಲದ ಕೇಳುಗರು' ಎಂಬ ಹೆಸರು. ಅವನ ನಕ್ಷೆಗಿಷ್ಟು ಬೆಂಕಿ ಹಾಕ!

ಆ ಬಳಗದಲ್ಲೆಲ್ಲ ಕಿರಿಕಿರಿಯವನು ಕರಿಯೋಬಾಂಗಿಯ ಮಹಾರಾಜ. ಹೆಸರು ಜಬ್ಲೋನ್, ಕೆಲಸ ಚಪ್ಪಲಿ ಹೊಲಿಯುವುದು. ಹನ್ನೊಂದು ವರ್ಷದಿಂದ ದಿನಕ್ಕೊಂದು ಕಾರ್ಡು. ಓದುವುದು ಸ್ವಲ್ಪ ತಡವಾದರೆ ಬೂತಿನಿಂದ ಫೋನ್ ಮಾಡುತ್ತಿದ್ದ. "ಅಲ್ಲಾ ಅಕ್ಕಾ, ಮಹಾರಾಜನನ್ನ ಕಂಗೆಮಿಯ ಗುಡುಗು ಅನ್ನೋನ ಹಿಂದೆ ನಿಲ್ಲಿಸಿದ್ಯಲ್ಲ, ಅವನು ನಿನಗೆ ಕೋಳಿ ಗೀಳಿ ಕಳಿಸಿದ್ನಾ?"

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವಳು ಎಂದಿನಂತೆ ಎನಾಮಲ್ ಮಗ್ಗಿನಲ್ಲಿ ಟೀ ತಂದಳು. ವಿಹಿಗದ ತಾಯಿಮನೆಯ ಮಗ್ಗು, ಅಂಚಿನ ನೀಲಿ ಅಲ್ಲಲ್ಲಿ ಎದ್ದಿತ್ತು. ನಾಲ್ಕಾದಾಗ ಮೈಕ್ ಹಚ್ಚಿ, ಎರಡು ಚಮಚ ಸಕ್ಕರೆ ಹಾಕಿ ಕಲಕಿ, ಚಮಚವನ್ನು ಅಂಚಿಗೆ ಮೂರು ಸಲ ತಟ್ಟಿ ಕೆಳಗಿಟ್ಟಳು. ಆಮೇಲೆ ಬಾಯಿ ತೆರೆದಳು. ಗಾಜಿನಾಚೆ ಲೆಮಾಯಾನ್ ಕೈಕಟ್ಟಿ ನಿಂತಿದ್ದ.

ಮೊದಲ ಕಾರ್ಡು ಕಂಗೆಮಿಯ ಗುಡುಗಿನದು. ಒಂಬತ್ತು ಹೆಸರು ಹಳೆಯವೇ. ಹತ್ತನೆಯದು ಹೊಸತು, 'ಗಂಟೆಯಮ್ಮ'. ಎರಡನೆಯದು ಡಂಡೋರದ ನಗುಮುಖಿಯದು. ಅದರ ಕೊನೆಯಲ್ಲೂ ಗಂಟೆಯಮ್ಮ. ಮೂರನೆಯದರಲ್ಲೂ ಅವಳೇ.

"ಯಾರಪ್ಪ ಈ ಗಂಟೆಯಮ್ಮ?" ಕಗೇಹ ಮೈಕಿನಲ್ಲಿ ನಕ್ಕಳು. "ಎಲ್ಲರೂ ಇವಳಿಗೇ ಸಲಾಮು ಹೊಡೀತಿದೀರಿ. ತಾಯಿ, ನೀನು ಯಾವ ಇಗರ್ಜಿಯಲ್ಲಿ ಗಂಟೆ ಬಾರಿಸ್ತೀಯೋ, ನಮಗೂ ಒಂದು ಕಾರ್ಡು ಹಾಕು."

ನಗು ಮೇಲೆ ಮೇಲೆ ಮಾತ್ರ. ಒಳಗೆ ಅವಳಿಗೆ ಹೊಟ್ಟೆಕಿಚ್ಚಾಯಿತು. ತನ್ನ ಕೊನೆಯ ದಿನ ಯಾರೋ ಹೊಸಬಳು ಬಂದು ಸಲಾಮುಗಳನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದಾಳೆ. ತನಗೆ ಒಂದು ಸಲಾಮೂ ಬರುವ ಹಾಗಿಲ್ಲ. ನಿರೂಪಕರಿಗೆ ಸಲಾಮು ಕಳಿಸುವಂತಿಲ್ಲ ಎಂದು ಪ್ರತಿ ಕಾರ್ಡಿನ ಹಿಂದೆಯೂ ಅಚ್ಚಾಗಿತ್ತು. ಹಿಂದೊಬ್ಬ ನಿರೂಪಕ ಒಂದು ಗಂಟೆ ಪೂರ್ತಿ ಹೆಂಡತಿಯ ಕಡೆಯವರಿಂದ ತನಗೇ ಸಲಾಮು ಹಾಕಿಸಿಕೊಂಡ ಮೇಲೆ ಬಂದ ನಿಯಮ ಅದು.

ಮೂವತ್ತೊಂದು ಕಾರ್ಡು ಓದಿದಳು. ಮೂವತ್ತೊಂದರಲ್ಲೂ ಗಂಟೆಯಮ್ಮ ಇದ್ದಳು.

ಐದಕ್ಕೆ ಆರು ನಿಮಿಷ ಇತ್ತು. ಕೊನೆಯ ಹಾಡು ಹಚ್ಚಿ ಕಾರ್ಡುಗಳ ಚೀಲದ ತಳಕ್ಕೆ ಕೈಹಾಕಿದಳು. ಸಿಕ್ಕಿದ್ದು ಮಹಾರಾಜನ ಕಾರ್ಡು. ಅಂಚಿನವರೆಗೂ ಸಣ್ಣಕ್ಷರ ತುಂಬಿತ್ತು. ಮನಸ್ಸಿನಲ್ಲೇ ಓದಿಕೊಂಡಳು.

'ಅಕ್ಕಾ, ಇದು ಗಟ್ಟಿಯಾಗಿ ಓದಬೇಡ. ಅಂಗಡಿಯಲ್ಲಿ ಕಾರ್ಡು ಖಾಲಿಯಾಯ್ತು. ಪ್ರೆಸ್ಸಿನವನನ್ನ ಕೇಳಿದ್ರೆ ಸೋಮವಾರದಿಂದ ಸಲಾಮೇ ಇಲ್ಲ, ಇನ್ನು ಅಚ್ಚು ಹಾಕೋದು ಬೇಡ ಅಂತ ನಿಮ್ಮೋರು ಹೇಳಿದಾರಂತೆ. ಅಲ್ಲಿಗೆ ಎಲ್ಲರಿಗೂ ಗೊತ್ತಾಯ್ತು. ನಿನ್ನ ಹೆಸರಿಗೆ ಸಲಾಮು ಕಳಿಸೋ ಹಾಗಿಲ್ಲ, ನಾನು ನಿಯಮ ಮುರಿಯೋನಲ್ಲ. ಆದ್ರೆ ಸೋಮವಾರದಿಂದ ನೀನೂ ನಮ್ಮ ಹಾಗೆ ಬರೀ ಕೇಳೋಳು. ಕೇಳೋಳಿಗೆ ಒಂದು ಬಿರುದು ಬೇಕಲ್ಲ, ಅದಕ್ಕೇ ಕ್ಲಬ್ಬಿನೋರೆಲ್ಲ ಸೇರಿ ಇಟ್ಟಿದೀವಿ. ಹದಿನಾಲ್ಕು ವರ್ಷದಿಂದ ದಿನಾ ನಾಲ್ಕು ಗಂಟೆಗೆ ನಿನ್ನ ಚಮಚದ ಸದ್ದು ಮೈಕಿನಲ್ಲಿ ಬರ್ತದೆ. ಟಿಣ್ ಟಿಣ್ ಟಿಣ್. ಅದು ಕೇಳಿದ ಮೇಲೇ ನಾನು ಸೂಜಿ ಇಟ್ಟು ಟೀಗೆ ಏಳೋದು. ಹೇಳಿದ್ರೆ ನಿಲ್ಲಿಸಿಬಿಡ್ತೀಯ ಅಂತ ಯಾರೂ ನಿನಗೆ ಹೇಳಲಿಲ್ಲ.'

ಕಗೇಹ ಮಗ್ಗನ್ನು ನೋಡಿದಳು, ಮೈಕನ್ನು ನೋಡಿದಳು. ತನ್ನ ಟೀ ತನ್ನೊಬ್ಬಳದೇ ಎಂದುಕೊಂಡಿದ್ದಳು. ಇಡೀ ಊರು ಅವಳ ಜೊತೆ ಕೂತು ಕುಡಿದಿತ್ತು. ಕಣ್ಣು ತುಂಬಿ ಅಕ್ಷರ ಕಲಸಿಹೋದವು. ಗಾಜಿನಾಚೆ ಲೆಮಾಯಾನ್ ಬೇಗ ಮುಗಿಸಿ ಎಂದು ಗಡಿಯಾರ ತೋರಿಸಿದ.

ಹಾಡು ಮುಗಿಯಿತು. ಅವಳು ಮೂಗೊರೆಸಿಕೊಂಡು ಮೈಕಿಗೆ ಬಗ್ಗಿದಳು.

"ಕರಿಯೋಬಾಂಗಿಯ ಮಹಾರಾಜರಿಂದ ಗಂಟೆಯಮ್ಮನಿಗೆ ಸಲಾಮು. ಮತ್ತೆ, ಈಗ ತಾನೇ ಗಂಟೆಯಮ್ಮನ ಕಾರ್ಡೂ ಕೈಗೆ ಬಂತು." ಕೈಯಲ್ಲಿ ಅಂಥ ಕಾರ್ಡೇನೂ ಇರಲಿಲ್ಲ. "ಅವರ ಸಲಾಮು ಕಂಗೆಮಿಯ ಗುಡುಗಿಗೆ, ಡಂಡೋರದ ನಗುಮುಖಿಗೆ, ಬುರುಬುರುವಿನ ಬಡಾಯಿಗೆ..." ಮೂವತ್ತೊಂದು ಬಿರುದನ್ನೂ ಒಂದೂ ಬಿಡದೆ ಹೇಳಿದಳು. ಚೀಟಿ ನೋಡಬೇಕಾಗಲಿಲ್ಲ. "ಎಲ್ಲರಿಗಿಂತ ಮೊದಲು ಮಹಾರಾಜರಿಗೆ. ಕೊನೆಗೆ ಓದಿದೆ ಅಂತ ಫೋನ್ ಮಾಡಬೇಡಿ."

ಇನ್ನು ಹತ್ತು ಸೆಕೆಂಡು ಉಳಿದಿತ್ತು. ಮಗ್ಗಿನಲ್ಲಿ ಟೀ ಮುಗಿದಿತ್ತು. ಅವಳು ಅದನ್ನು ಮೈಕಿನ ಹತ್ತಿರ ಹಿಡಿದು, ಬರಿದಾದ ಮಗ್ಗನ್ನೇ ಒಂದು ಸುತ್ತು ಕಲಕಿ, ಅಂಚಿಗೆ ಮೂರು ಸಲ ನಿಧಾನವಾಗಿ ತಟ್ಟಿದಳು. ಆಮೇಲೆ ಮೈಕ್ ಆರಿಸಿದಳು.

ಲೆಮಾಯಾನ್ ಬಾಗಿಲು ತೆಗೆದು ಒಳಗೆ ಬಂದ. ಮುಖದಲ್ಲಿ ನಿರಾಳ ಇತ್ತು.

"ಚೆನ್ನಾಗಿ ಮುಗಿಸಿದ್ರಿ ಮೇಡಂ. ಯಾರಿಗೂ ಒಂದಿಷ್ಟೂ ಸುಳಿವು ಸಿಗಲಿಲ್ಲ," ಎಂದ. "ಒಂದೇ ಒಂದು ತಪ್ಪು. ಮೈಕ್ ಹತ್ರ ಚಮಚ ಸದ್ದು ಮಾಡಬಾರ್ದು. ಹೊರಗೆ ಕೇಳಿಸ್ತದೆ."

"ಹೌದಾ?" ಎಂದಳು ಕಗೇಹ, ಮಗ್ಗನ್ನು ಸೆರಗಿನಂತೆ ಹೊದ್ದ ಲೆಸೊ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ. "ಇನ್ಮೇಲೆ ಮಾಡಲ್ಲಪ್ಪ."